ಮಾಹ್ಲರ್‌ಗೆ ನೌಕರಿ ಅಡ್ಡಿಯಾಗಿತ್ತಾ?

ಪ್ರಶ್ನೆ: ಪಾಶ್ಚಾತ್ಯ ಸಂಗೀತದ ರಚನೆಕಾರ ಗುಸ್ತಾವ್ ಮಾಹ್ಲರ್ ಬದುಕಿದ್ದಾಗ ಜನರಿಗೆ ಕಂಡಕ್ಟರ್ ಆಗಿಯೇ ಜಾಸ್ತಿ ಗೊತ್ತಿದ್ದ, ಸಿಂಫನಿಗಳನ್ನು, ಅಂದರೆ ಆರ್ಕೆಸ್ಟ್ರಾಕ್ಕೆಂದು ಬರೆಯುವ ದೊಡ್ಡ ಕೃತಿಗಳನ್ನು, ಬೇಸಿಗೆ ರಜೆಯಲ್ಲಿ ಬರೆಯುತ್ತಿದ್ದ ಎಂದು ಓದಿದೆ. ಆ ನೌಕರಿ ಇಲ್ಲದಿದ್ದರೆ ಇನ್ನೂ ಎಷ್ಟೋ ಬರೆಯುತ್ತಿದ್ದ ಅನ್ನಿಸುತ್ತದೆ. ಸರಿಯಾ? ನಾನು ಕರ್ನಾಟಕ ಸಂಗೀತ ಕೇಳಿ ಬೆಳೆದವಳು. ಎದುರಿಗೆ ನಿಂತು ಕೈ ಬೀಸುವವರು ನಿಜವಾಗಿ ಏನು ಮಾಡುತ್ತಾರೆ ಅನ್ನುವುದೂ ನನಗೆ ಅರ್ಥವಾಗಿಲ್ಲ. ಮಾಹ್ಲರ್‌ನನ್ನು ಎಲ್ಲಿಂದ ಕೇಳಲು ಶುರು ಮಾಡಲಿ?

ಉತ್ತರ:

ನೌಕರಿ ಇಲ್ಲದಿದ್ದರೆ ಇನ್ನೂ ನಾಲ್ಕಾರು ಸಿಂಫನಿ ಸಿಗುತ್ತಿತ್ತೋ ಏನೋ. ಆದರೆ ಇವತ್ತು ಕೇಳಿದ ತಕ್ಷಣ 'ಇದು ಮಾಹ್ಲರ್' ಅನ್ನಿಸುವ ಆ ನಾದ ಇರುತ್ತಿರಲಿಲ್ಲ. ಅದು ಆತನಿಗೆ ಸಿಕ್ಕಿದ್ದೇ ಆ ನೌಕರಿಯಲ್ಲಿ. ಹೇಗೆ ಅಂತ ಹೇಳಬೇಕಾದರೆ ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರಿಸಬೇಕು.

ನಮ್ಮ ಕಛೇರಿಯಲ್ಲಿ ಹಾಡುವವರು ತಾವೇ ತೊಡೆಯ ಮೇಲೆ ತಾಳ ಹಾಕುತ್ತಾರೆ. ಪಿಟೀಲು, ಮೃದಂಗದವರು ಪಕ್ಕದಲ್ಲೇ ಇರುತ್ತಾರೆ. ಒಂದು ಕಣ್ಸನ್ನೆ ಸಾಕು. ಸಿಂಫನಿ ಆರ್ಕೆಸ್ಟ್ರಾದಲ್ಲಿ 80-100 ಜನ ಕೂತಿರುತ್ತಾರೆ. ಹಿಂದಿನ ಸಾಲಿನ ಟ್ರಂಪೆಟ್‌ನವನಿಗೆ ಮುಂದಿನ ಪಿಟೀಲು ಸರಿಯಾಗಿ ಕೇಳುವುದೂ ಇಲ್ಲ. ಪ್ರತಿಯೊಬ್ಬರ ಎದುರೂ ಅವರವರ ಭಾಗ ಮಾತ್ರ ಇರುತ್ತದೆ. ಎಲ್ಲರ ಸಾಲುಗಳೂ ಒಂದರ ಕೆಳಗೊಂದು ಬರೆದಿರುವ ದೊಡ್ಡ ಪುಸ್ತಕ, ಅಂದರೆ ಸ್ಕೋರ್, ಇರುವುದು ಕಂಡಕ್ಟರ್ ಹತ್ತಿರ. ಮೊದಲ ಸ್ವರ ಹೊರಡುವ ಮುಂಚೆ ಅವರು ಕೈಯನ್ನು ಮೇಲಕ್ಕೆತ್ತುವ ಆ ಒಂದು ಚಲನೆಯಲ್ಲೇ ಕಾಲ, ಜೋರು, ಮೆದು ಎಲ್ಲ ಬಂದುಬಿಟ್ಟಿರುತ್ತದೆ. ಬಲಗೈ ಸಾಮಾನ್ಯವಾಗಿ ಲಯಕ್ಕೆ. ಎಡಗೈ 'ನೀವು ಈಗ ಬನ್ನಿ', 'ಸ್ವಲ್ಪ ತಗ್ಗಿಸಿ' ಎನ್ನಲಿಕ್ಕೆ. ದಸರಾ ಹೊತ್ತಿಗೆ ಮೈಸೂರು ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ನುಡಿಸುವುದನ್ನು ನೋಡಿದ್ದರೆ, ಕೋಲು ಹಿಡಿದು ನಿಂತವರನ್ನೂ ಗಮನಿಸಿರುತ್ತೀರಿ.

ನಾವು ನೋಡುವುದು ಇಷ್ಟೇ. ಅಸಲಿ ಕೆಲಸ ಆಗುವುದು ರಿಹರ್ಸಲ್‌ನಲ್ಲಿ. ಈ ಜಾಗದಲ್ಲಿ ಹಾರ್ನ್ ಎಂಬ ಊದುವ ವಾದ್ಯಗಳು ಹಾಡುವವಳ ದನಿಯನ್ನು ನುಂಗುತ್ತಿವೆ. ಈ ಜಾಗದಲ್ಲಿ ಪಿಟೀಲಿನವರು ಕಮಾನನ್ನು ಬೇರೆ ಬೇರೆ ಕಡೆಗೆ ಎಳೆಯುತ್ತಿದ್ದಾರೆ. ಇಂಥದ್ದನ್ನು ಹುಡುಕಿ, ನಿಲ್ಲಿಸಿ, ತಿದ್ದಿ, ಮತ್ತೆ ನುಡಿಸುವುದು. ಇದನ್ನೇ ವರ್ಷಗಟ್ಟಲೆ, ವಾರಕ್ಕೆ ನಾಲ್ಕೈದು ದಿನ ಮಾಡಿದವರ ಕಿವಿ ಹೇಗೆ ಪಳಗಿರಬೇಡ! ಮಾಹ್ಲರ್ ಹೀಗೆ ಪಳಗಿದವನು.

ಆತ ಹುಟ್ಟಿದ್ದು 1860ರಲ್ಲಿ, ಬೊಹೀಮಿಯಾದ ಕಾಲಿಷ್ಟ್ ಎಂಬ ಹಳ್ಳಿಯಲ್ಲಿ. ಈಗ ಅದು ಚೆಕ್ ದೇಶ. ಮನೆಮಾತು ಜರ್ಮನ್, ಧರ್ಮ ಯಹೂದಿ. ಅಪ್ಪ ಮದ್ಯ ಬಟ್ಟಿ ಇಳಿಸಿ ಮಾರುತ್ತಿದ್ದ, ಪಾನಗೃಹ ನಡೆಸುತ್ತಿದ್ದ. 15ನೇ ವಯಸ್ಸಿಗೆ ಹುಡುಗ ವಿಯೆನ್ನಾದ ಸಂಗೀತ ಶಾಲೆ ಸೇರಿದ. ಓದು ಮುಗಿಸಿದ ಮೇಲೆ ಒಂದು ದೊಡ್ಡ ಕೃತಿ ಬರೆದು ಬೀಥೋವನ್ ಹೆಸರಿನ ಬಹುಮಾನಕ್ಕೆ ಕಳಿಸಿದ. ತೀರ್ಪುಗಾರರಲ್ಲಿ ಹೆಸರಾಂತ ರಚನೆಕಾರ ಬ್ರಾಮ್ಸ್ ಕೂಡ ಇದ್ದರು. ಬಹುಮಾನ ಬರಲಿಲ್ಲ. ಅದು ಬಂದಿದ್ದರೆ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಎಂಬ ನರಕಕ್ಕೆ ಬೀಳಬೇಕಾಗಿರಲಿಲ್ಲ ಎಂದು ಆಮೇಲೆ ಗೊಣಗುತ್ತಿದ್ದನಂತೆ. ನನಗೆ ಈ ಗೊಣಗಾಟದ ಮೇಲೆ ಅಷ್ಟು ನಂಬಿಕೆಯಿಲ್ಲ. ಬಹುಮಾನದ ದುಡ್ಡಿನಲ್ಲಿ ಎಷ್ಟು ದಿನ ಬದುಕಲು ಆಗುತ್ತೆ?

ಮೊದಲ ಕೆಲಸ 1880ರ ಬೇಸಿಗೆಯಲ್ಲಿ, ಬಾಡ್ ಹಾಲ್ ಎಂಬ ಸಣ್ಣ ಊರಲ್ಲಿ. ಖನಿಜ ನೀರಿನ ಚಿಕಿತ್ಸೆಗೆ ಬರುವವರ ಮನರಂಜನೆಗೆ ಅಲ್ಲೊಂದು ನಾಟಕಶಾಲೆ ಇತ್ತು. ಹಾಸ್ಯದ ಹಾಡು-ನಾಟಕಗಳನ್ನು ನಡೆಸಬೇಕಿತ್ತು. ಶುರುವಾಗುವ ಮುಂಚೆ ಎಲ್ಲರ ಸ್ಟ್ಯಾಂಡ್ ಮೇಲೆ ಹಾಳೆ ಇಡುವುದು, ಮುಗಿದ ಮೇಲೆ ಎತ್ತಿಡುವುದು, ನಡುವೆ ಯಜಮಾನರ ಕೂಸನ್ನು ಗಾಡಿಯಲ್ಲಿ ಕೂರಿಸಿ ಸುತ್ತಾಡಿಸುವುದು ಕೂಡ ಆತನದೇ ಕೆಲಸವಾಗಿತ್ತು ಎಂಬ ಕಥೆಯಿದೆ. ಅಲ್ಲಿಂದ ಲೈಬಾಖ್, ಓಲ್ಮ್ಯುಟ್ಸ್, ಕಾಸೆಲ್, ಪ್ರಾಗ್, ಲೈಪ್‌ಜಿಗ್. ಕೆಲವು ಕಡೆ ಬರೀ ತಿಂಗಳುಗಳು, ಕೆಲವು ಕಡೆ ಒಂದೆರಡು ವರ್ಷ, ನಡುನಡುವೆ ಜಗಳ, ರಾಜೀನಾಮೆ. 28ನೇ ವಯಸ್ಸಿಗೆ ಬುಡಾಪೆಸ್ಟ್‌ನ ರಾಜ ಒಪೆರಾದ ನಿರ್ದೇಶಕ. 1891ರಿಂದ ಹ್ಯಾಂಬರ್ಗ್. ಆಮೇಲೆ ವಿಯೆನ್ನಾ. ನಮ್ಮ ಕಡೆ ಸಣ್ಣ ಊರಿನಿಂದ ವರ್ಗವಾಗುತ್ತಾ ಆಗುತ್ತಾ ಕೊನೆಗೆ ರಾಜಧಾನಿ ಮುಟ್ಟುವ ಸರ್ಕಾರಿ ಅಧಿಕಾರಿಯ ಸೇವಾ ಪುಸ್ತಕದ ಹಾಗೇ ಇದೆ, ಅಲ್ವಾ?

ಒಂದು ವಿಷಯ ಗಮನಿಸಿ. ಇವೆಲ್ಲ ಒಪೆರಾ ಮನೆಗಳು. ಜರ್ಮನ್ ಮಾತಾಡುವ ಆ ಸೀಮೆಯಲ್ಲಿ ತಿಂಗಳ ಸಂಬಳ ಸಿಗುತ್ತಿದ್ದದ್ದು ಅಲ್ಲೇ. ರಾತ್ರಿ ಮೇಲೆ ರಾತ್ರಿ ಪ್ರದರ್ಶನ. ಹ್ಯಾಂಬರ್ಗ್‌ನ ಆರು ವರ್ಷದಲ್ಲಿ ಆತ ನಡೆಸಿದ ಒಪೆರಾ ಪ್ರದರ್ಶನಗಳೇ 700ಕ್ಕೂ ಹೆಚ್ಚು. ತಾನು ಮಾತ್ರ ಒಂದೂ ಸ್ವಂತ ಒಪೆರಾ ಬರೆದು ರಂಗಕ್ಕೆ ತರಲಿಲ್ಲ. ಹಿಂದಿನ ಕಾಲದ ರಚನೆಕಾರ ವೇಬರ್ ಅರ್ಧಕ್ಕೆ ಬಿಟ್ಟಿದ್ದ ಒಂದು ಒಪೆರಾವನ್ನು ಲೈಪ್‌ಜಿಗ್‌ನಲ್ಲಿ ಪೂರ್ತಿ ಮಾಡಿಕೊಟ್ಟ. 1888ರಲ್ಲಿ ಅದು ರಂಗಕ್ಕೆ ಬಂದು ಹೆಸರು, ಕಾಸು ಎರಡೂ ಬಂತು. ಅದೇ ವರ್ಷ ಜರ್ಮನ್ ಚಕ್ರವರ್ತಿ ತೀರಿಕೊಂಡಾಗ ಶೋಕಕ್ಕೆಂದು ಕೆಲವು ದಿನ ನಾಟಕಶಾಲೆ ಮುಚ್ಚಿತು. ಆ ದಿನಗಳಲ್ಲಿ ಕೂತು ಮೊದಲ ಸಿಂಫನಿ ಮುಗಿಸಿದ. ಊರೆಲ್ಲ ಶೋಕದಲ್ಲಿ, ಈತನಿಗೆ ರಜೆ.

ಆ ಮೊದಲ ಸಿಂಫನಿಯ ಶುರುವಿನಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಅದು ಒಂದೇ ಸ್ವರದಿಂದ ಆರಂಭವಾಗುತ್ತದೆ. ತಂತಿವಾದ್ಯಗಳೆಲ್ಲ ಸೇರಿ, ತೀರಾ ಕೆಳಗಿನ ಸ್ಥಾಯಿಯಿಂದ ತೀರಾ ಮೇಲಿನವರೆಗೆ, ಅದೊಂದನ್ನೇ ಹಿಡಿದು ನಿಲ್ಲುತ್ತವೆ. ಬೆಳಗಿನ ಜಾವದ ಮಸುಕು ಬೆಳಕು ಕಾಣಬೇಕು ಅಂತ ಆತನ ಆಸೆ. 1889ರ ನವೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ತಾನೇ ನಿಂತು ನಡೆಸಿದಾಗ ಗೊತ್ತಾಯಿತು, ನಾದ ದಪ್ಪವಾಯಿತು ಅಂತ. ಹಾಳೆ ಮೇಲೆ ಸರಿಯಾಗೇ ಇತ್ತು. ಸಭಾಂಗಣದಲ್ಲಿ ಸರಿ ಇರಲಿಲ್ಲ. ಆಮೇಲೆ ಆತನಿಗೆ ಹೊಳೆದ ಉಪಾಯ ಇದು: ತಂತಿಯನ್ನು ಗಟ್ಟಿಯಾಗಿ ಒತ್ತುವುದು ಬೇಡ, ಬೆರಳು ಸುಮ್ನೆ ಸೋಕಿಸಿ ಕಮಾನು ಎಳೆದರೆ ಒಂದು ತೆಳ್ಳನೆಯ ಸಿಳ್ಳಿನಂಥ ಸ್ವರ ಬರುತ್ತಲ್ಲ, ಹಾಗೆ ನುಡಿಸಲಿ. ಹೆಚ್ಚುಕಡಿಮೆ ಎಲ್ಲ ತಂತಿವಾದ್ಯಗಳಿಗೂ ಹಾಗೇ ಬರೆದ. ಸ್ವರ ಬದಲಾಗಲಿಲ್ಲ, ದಪ್ಪ ಹೋಯಿತು. ಇವತ್ತು ಆ ಸಿಂಫನಿ ಕೇಳಿದವರೆಲ್ಲ ಮೊದಲು ನೆನಪಿಡುವುದು ಆ ನಾದವನ್ನೇ. ಕೋಣೆಯಲ್ಲಿ ಪಿಯಾನೋ ಮುಂದೆ ಕೂತು ಬರೆಯುವವನಿಗೆ ಇದು ಹೊಳೆಯುವುದು ಕಷ್ಟ. ಪಿಯಾನೋದಲ್ಲಿ ಆ ವ್ಯತ್ಯಾಸವೇ ಕೇಳಿಸುವುದಿಲ್ಲ.

ಅಂದಹಾಗೆ, ಬುಡಾಪೆಸ್ಟ್‌ನ ಆ ಸಂಜೆ ಸಿಂಫನಿ ಸೋತಿತು. ಜನಕ್ಕೆ ತಲೆಬುಡ ತಿಳಿಯಲಿಲ್ಲ.

ಈಗ ಹಾನ್ಸ್ ಫಾನ್ ಬ್ಯೂಲೋ ಬಗ್ಗೆ ಹೇಳಲೇಬೇಕು. ಆ ಕಾಲದ ಅತಿ ದೊಡ್ಡ ಕಂಡಕ್ಟರ್‌ಗಳಲ್ಲಿ ಒಬ್ಬ. 1884ರಲ್ಲಿ ಆತ ತನ್ನ ತಂಡ ಕಟ್ಟಿಕೊಂಡು ಕಾಸೆಲ್‌ಗೆ ಬಂದ. ಅಲ್ಲಿ ನೌಕರಿಯಲ್ಲಿದ್ದ 23ರ ಮಾಹ್ಲರ್ ಕೇಳಿ ಮೂಕನಾದ. ಭೇಟಿಗೆ ಹೋದರೆ ಒಳಗೆ ಬಿಡಲಿಲ್ಲ. 'ನನ್ನನ್ನು ಕರೆದುಕೊಂಡು ಹೋಗಿ, ನಿಮ್ಮ ಶಿಷ್ಯನಾಗಿರುತ್ತೇನೆ' ಎಂಬರ್ಥದ ಕಾಗದ ಬರೆದ. ಹುಡುಗನ ಕಾಗದ, ಭಾವುಕವಾಗಿತ್ತು. ಬ್ಯೂಲೋ ಅದನ್ನು ಮಾಹ್ಲರ್‌ನ ಮೇಲಧಿಕಾರಿಗಳಿಗೇ ದಾಟಿಸಿಬಿಟ್ಟ! ಅದು ಆಫೀಸಿನಲ್ಲಿ ಮಾಹ್ಲರ್‌ನ ಫೈಲು ಸೇರಿತು. ಆಮೇಲೆ ಅಲ್ಲಿ ಕೆಲಸ ಮಾಡುವುದು ಹೇಗಿತ್ತೋ ನೀವೇ ಊಹಿಸಿ.

ಏಳು ವರ್ಷ ಕಳೆದು ಹ್ಯಾಂಬರ್ಗ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು. ಈಗ ಮಾಹ್ಲರ್ ಒಪೆರಾ ನಡೆಸುವ ರೀತಿ ನೋಡಿ ಬ್ಯೂಲೋ ಬೆರಗಾದ. ಗೌರವದ ಹಾರ ಕಳಿಸಿದ. ತಾನು ಕಛೇರಿ ನಡೆಸುವಾಗ ಮುಂದಿನ ಸಾಲಿನಲ್ಲಿ ಕೂತ ಮಾಹ್ಲರ್‌ಗೆ ವೇದಿಕೆಯಿಂದಲೇ ವಂದಿಸುತ್ತಿದ್ದ. ಸರಿ, ಇನ್ನೇನು ಅಂತ ಮಾಹ್ಲರ್ ತನ್ನ ಹೊಸ ರಚನೆಯನ್ನು ಪಿಯಾನೋದಲ್ಲಿ ನುಡಿಸಿ ಕೇಳಿಸಲು ಹೋದ. ಮುಂದೆ ಎರಡನೇ ಸಿಂಫನಿಯ ಮೊದಲ ಭಾಗವಾದದ್ದು ಅದೇ. ನುಡಿಸುತ್ತಾ ತಿರುಗಿ ನೋಡಿದರೆ ಬ್ಯೂಲೋ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದ. ಇದರ ಮುಂದೆ, ಕಿವಿಗೆ ತೀರಾ ಹೊಸದು ಅನ್ನಿಸಿದ್ದ ವಾಗ್ನರ್‌ನ 'ಟ್ರಿಸ್ಟಾನ್' ಒಪೆರಾ ಕೂಡ ಹಳೆಯ ಕಾಲದ ಹೇಡನ್‌ನ ಸಿಂಫನಿಯಷ್ಟು ಸಾಧು ಎಂದನಂತೆ. ಕಂಡಕ್ಟರ್ ಆಗಿ ಹಾರ, ರಚನೆಕಾರನಾಗಿ ಮುಚ್ಚಿದ ಕಿವಿ. ಮಾಹ್ಲರ್ ಬದುಕಿದ್ದಷ್ಟು ದಿನವೂ ಹೆಚ್ಚುಕಡಿಮೆ ಇದೇ ಆಯಿತು.

ಆ ಸಿಂಫನಿ ಮುಂದೆ ಸಾಗಲಿಲ್ಲ. ಕೊನೆಯಲ್ಲಿ ಗಾಯಕವೃಂದ ಬೇಕು ಅನ್ನಿಸಿತ್ತು, ಯಾವ ಮಾತು ಹಾಡಿಸಬೇಕು ಗೊತ್ತಿರಲಿಲ್ಲ. 1894ರಲ್ಲಿ ಬ್ಯೂಲೋ ತೀರಿಕೊಂಡ. ಹ್ಯಾಂಬರ್ಗ್‌ನ ಚರ್ಚ್‌ನಲ್ಲಿ ಅಂತ್ಯಕ್ರಿಯೆ ನಡೆಯುವಾಗ ಹುಡುಗರ ಮೇಳ ಕ್ಲಾಪ್‌ಸ್ಟಾಕ್ ಎಂಬ ಕವಿಯ 'ಮತ್ತೆ ಎದ್ದೇಳು' ಎಂಬ ಸ್ತೋತ್ರ ಹಾಡಿತು. ಮಾಹ್ಲರ್ ಅಲ್ಲಿ ಕೂತಿದ್ದ. ಸಿಂಫನಿಯ ಕೊನೆ ಸಿಕ್ಕಿತು. ಕಿವಿ ಮುಚ್ಚಿಕೊಂಡವನ ಸಾವಿನಿಂದಲೇ ಆ ಸಿಂಫನಿ ಪೂರ್ತಿಯಾಯಿತು ಅನ್ನುವುದು ವಿಚಿತ್ರ, ಆದರೆ ನಡೆದದ್ದೇ. 1895ರ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಪೂರ್ತಿ ಸಿಂಫನಿ ಮೊದಲ ಬಾರಿ ನುಡಿಸಿದರು. ಖರ್ಚು ಮಾಹ್ಲರ್ ಮತ್ತು ಹ್ಯಾಂಬರ್ಗ್‌ನ ಗೆಳೆಯರದು. ಟಿಕೆಟ್ ಹೋಗದೆ ಸಂಗೀತಗಾರರಿಗೆ, ವಿದ್ಯಾರ್ಥಿಗಳಿಗೆ ಪುಕ್ಕಟೆ ಹಂಚಿದರು. ಸಿಂಫನಿಗೆ ಹಣ ಎಲ್ಲಿಂದ ಬರುತ್ತಿತ್ತು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಒಪೆರಾ ಸಂಬಳ ಕೊಡುತ್ತಿತ್ತು, ಸಿಂಫನಿ ಅದರಲ್ಲಿ ಒಂದು ಪಾಲು ತಿನ್ನುತ್ತಿತ್ತು.

ಇನ್ನು ಬೇಸಿಗೆ. ಒಪೆರಾ ಮನೆಗಳಿಗೆ ಬೇಸಿಗೆಯಲ್ಲಿ ಬೀಗ. 1890ರ ದಶಕದಲ್ಲಿ ಮಾಹ್ಲರ್ ಆಸ್ಟ್ರಿಯಾದ ಆಟರ್‌ಸೀ ಕೆರೆಯ ದಡದಲ್ಲಿ, ಸ್ಟೈನ್‌ಬಾಖ್ ಎಂಬಲ್ಲಿ, ಒಂದು ಪುಟ್ಟ ಕೋಣೆ ಕಟ್ಟಿಸಿದ. ಪಿಯಾನೋ, ಮೇಜು, ಒಂದಿಷ್ಟು ಕುರ್ಚಿ, ಅಷ್ಟೇ. ಅದು ಇಂದಿಗೂ ಇದೆ, ಹೋಗಿ ನೋಡಬಹುದು. ಎರಡನೆಯದನ್ನು ಮುಗಿಸಿದ್ದು, ಮೂರನೆಯದನ್ನು ಬರೆದದ್ದು ಅಲ್ಲಿ. ಆಮೇಲೆ ವೋರ್ಥರ್‌ಸೀ ದಡದ ಮೈಯರ್ನಿಗ್ ಹತ್ತಿರ, ಕಾಡಿನ ನಡುವೆ ಇನ್ನೊಂದು. ನಾಲ್ಕನೆಯದು ಮುಗಿದದ್ದು, ಐದರಿಂದ ಎಂಟರವರೆಗೆ ಬರೆದದ್ದು ಅಲ್ಲಿ. ಬೆಳಿಗ್ಗೆ ಎದ್ದು ಕೋಣೆಗೆ ಹೋಗುವಾಗ ಯಾರ ಮುಖವನ್ನೂ ನೋಡಬಾರದು. ಅದಕ್ಕೆ ಅಡುಗೆಯವಳು ತಿಂಡಿಯ ತಟ್ಟೆ ಹಿಡಿದುಕೊಂಡು ಬೇರೊಂದು ಕಡಿದಾದ ದಾರಿಯಲ್ಲಿ ಹತ್ತಿ, ಇಟ್ಟು, ಆತ ಬರುವ ಮುಂಚೆ ಇಳಿದುಬಿಡಬೇಕಿತ್ತು ಎಂದು ಹೆಂಡತಿ ಆಲ್ಮಾ ಬರೆದಿದ್ದಾಳೆ. ಆ ದಾರಿ ಮಳೆಯಲ್ಲಿ ಜಾರುತ್ತಿತ್ತಂತೆ. ಪಾಪ, ಆ ಅಡುಗೆಯವಳಿಗೆ ಸಿಂಫನಿ ಕಟ್ಟಿಕೊಂಡು ಏನಾಗಬೇಕಿತ್ತು.

ಬೇಸಿಗೆಯಲ್ಲಿ ಕರಡು. ಚಳಿಗಾಲದಲ್ಲಿ, ಒಪೆರಾ ಕೆಲಸಕ್ಕೆ ಹೋಗುವ ಮುಂಚಿನ ಬೆಳಗಿನ ಹೊತ್ತಿನಲ್ಲಿ, ಯಾವ ವಾದ್ಯಕ್ಕೆ ಯಾವ ಸ್ವರ ಅಂತ ಬಿಡಿಸಿ ಬರೆದು ಪ್ರತಿ ಮಾಡುವುದು. ಹೀಗೆ ರಚನೆಯ ಅರ್ಧ ಕೆಲಸ ನಡೆದದ್ದು ನೌಕರಿಯ ತಿಂಗಳುಗಳಲ್ಲೇ. 'ಬರೀ ಬೇಸಿಗೆಯಲ್ಲಿ ಬರೆದ' ಅನ್ನುವ ಮಾತಿನಲ್ಲಿ ಇದು ಬಿಟ್ಟುಹೋಗುತ್ತದೆ.

ಆತನ ಸ್ಕೋರ್‌ಗಳನ್ನು ಬಿಡಿಸಿ ನೋಡಿದರೆ ಪುಟದ ತುಂಬ ಸೂಚನೆಗಳು. ಅವಸರ ಬೇಡ. ಎಳೆಯಬೇಡಿ. ಹಾರ್ನ್‌ಗಳ ಬಾಯಿ ಮೇಲಕ್ಕೆತ್ತಿ ಊದಿ. ಮೊದಲ ಸಿಂಫನಿಯ ಕೊನೆಗೆ ಹಾರ್ನ್‌ನವರು ಎದ್ದು ನಿಂತು ಊದಬೇಕು. ಎರಡನೆಯದರ ಮೊದಲ ಭಾಗ ಮುಗಿದ ಮೇಲೆ ಕಡಿಮೆಯೆಂದರೆ ಐದು ನಿಮಿಷ ಸುಮ್ಮನಿರಬೇಕು ಅಂತಲೂ ಬರೆದಿದ್ದಾನೆ. ಇಂದಿನ ಕಂಡಕ್ಟರ್‌ಗಳು ಸಾಮಾನ್ಯವಾಗಿ ಅಷ್ಟು ಹೊತ್ತು ಕಾಯುವುದಿಲ್ಲ. ಇವೆಲ್ಲ ಬೇರೆಯವರ ಸ್ಕೋರ್ ಹಿಡಿದು, ನೂರು ಜನರ ಎದುರು ನಿಂತು, ಏನೇನು ತಪ್ಪಾಗುತ್ತದೆ ಎಂದು ನೋಡಿದವನ ಸೂಚನೆಗಳು. ತಾನಿಲ್ಲದಾಗ ಇನ್ನೊಬ್ಬ ಕಂಡಕ್ಟರ್ ಎಲ್ಲಿ ಎಡವುತ್ತಾನೆ ಅನ್ನುವುದು ಆತನಿಗೆ ಮೊದಲೇ ಗೊತ್ತು.

ತನ್ನ ತಪ್ಪನ್ನೂ ಹಾಗೇ ಹುಡುಕುತ್ತಿದ್ದ. ಐದನೇ ಸಿಂಫನಿ 1904ರಲ್ಲಿ ಕೊಲೋನ್‌ನಲ್ಲಿ ಮೊದಲು ನುಡಿಸಿದ್ದು. ಅದಕ್ಕೂ ಮುಂಚೆ ವಿಯೆನ್ನಾದಲ್ಲಿ ತಾಲೀಮಿಗೆಂದು ಒಮ್ಮೆ ನುಡಿಸಿ ನೋಡಿದಾಗ ಡೋಲು-ತಾಳಗಳ ಅಬ್ಬರದಲ್ಲಿ ಉಳಿದದ್ದೇನೂ ಕೇಳಲಿಲ್ಲ ಎಂದು ಆಲ್ಮಾ ನೆನಪಿಸಿಕೊಂಡಿದ್ದಾಳೆ. ಕೆಂಪು ಗೀಟು ಎಳೆದು ಎಷ್ಟೋ ಹೊಡೆದುಹಾಕಿದ. ಆಮೇಲೂ ನುಡಿಸಿದಾಗಲೆಲ್ಲ ತಿದ್ದಿದ. ಆ ಸಿಂಫನಿಯ ವಾದ್ಯ ಹಂಚಿಕೆಯನ್ನು ಹೆಚ್ಚುಕಡಿಮೆ ಪೂರ್ತಿ ಹೊಸದಾಗಿ ಮಾಡಬೇಕಾಯಿತು, ಈಗ ಮುಗಿಯಿತು ಎಂದು ಕಾಗದ ಬರೆದದ್ದು 1911ರ ಫೆಬ್ರವರಿಯಲ್ಲಿ. ಮೇ 18ಕ್ಕೆ ತೀರಿಕೊಂಡ.

ನೌಕರಿ ಏನೂ ಕಿತ್ತುಕೊಳ್ಳಲಿಲ್ಲ ಅಂತಲ್ಲ. ಬುಡಾಪೆಸ್ಟ್ ವರ್ಷಗಳಲ್ಲಿ ದೊಡ್ಡ ರಚನೆ ಯಾವುದೂ ಮುಗಿಯಲಿಲ್ಲ. 1897ರಲ್ಲಿ ವಿಯೆನ್ನಾದ ಆಸ್ಥಾನ ಒಪೆರಾ ಸಿಗಲು ಯಹೂದಿ ಧರ್ಮ ಬಿಟ್ಟು ಕ್ಯಾಥೊಲಿಕ್ ಆಗಬೇಕಾಯಿತು. ಆದರೂ ಯಹೂದಿ ದ್ವೇಷದ ಪತ್ರಿಕೆಗಳು ಬಿಡಲಿಲ್ಲ. ಅಲ್ಲಿ ಹತ್ತು ವರ್ಷ ಇದ್ದ. ತಡವಾಗಿ ಬಂದವರನ್ನು ನಡುವೆ ಒಳಗೆ ಬಿಡುತ್ತಿರಲಿಲ್ಲ, ಕಾಸು ಕೊಟ್ಟು ಚಪ್ಪಾಳೆ ತಟ್ಟಿಸುವ ಗುಂಪುಗಳನ್ನು ಓಡಿಸಲು ಹೊರಟ, ವಾಗ್ನರ್‌ನ ಒಪೆರಾಗಳನ್ನು ಕತ್ತರಿಸದೆ ಆಡಿಸಿದ. 1901ರ ಫೆಬ್ರವರಿ 24ರಂದು ಮಧ್ಯಾಹ್ನ ಬ್ರುಕ್ನರ್‌ನ ಸಿಂಫನಿ, ಸಂಜೆ ಮೊಜಾರ್ಟ್‌ನ ಒಪೆರಾ. ಅದೇ ರಾತ್ರಿ ರಕ್ತಸ್ರಾವವಾಗಿ ಸಾಯುವ ಸ್ಥಿತಿಗೆ ಹೋಗಿ ಬಂದ.

ಇದರ ಬೆಲೆ ತೆತ್ತವರಲ್ಲಿ ಇನ್ನೊಬ್ಬಳಿದ್ದಾಳೆ. ಆಲ್ಮಾ ಸ್ವತಃ ಸಂಗೀತ ರಚಿಸುತ್ತಿದ್ದಳು. ಮದುವೆಗೆ ಮುಂಚೆ, 1901ರ ಡಿಸೆಂಬರ್‌ನಲ್ಲಿ, ಅದನ್ನು ನಿಲ್ಲಿಸಬೇಕು ಅಂತ ಮಾಹ್ಲರ್ ಉದ್ದದ ಕಾಗದ ಬರೆದ. ನಿಲ್ಲಿಸಿದಳು. 1910ರಲ್ಲಿ ಸಂಸಾರ ಮುರಿಯುವ ಹಂತಕ್ಕೆ ಬಂದಾಗ ಆತನಿಗೆ ಅವಳ ಹಾಡುಗಳ ನೆನಪಾಗಿ, ಐದನ್ನು ಅಚ್ಚು ಹಾಕಿಸಿದ. ಒಬ್ಬನೇ ಎರಡು ವೃತ್ತಿ ನಿಭಾಯಿಸಿದ ಎಂದು ಹೊಗಳುವವರು ಈ ಲೆಕ್ಕವನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ನೌಕರಿ ಮತ್ತು ರಚನೆಯ ಜಗಳ ಕಡೆಗೂ ವಿಯೆನ್ನಾವನ್ನೇ ಬಿಡಿಸಿತು. ತನ್ನ ಸಿಂಫನಿ ನಡೆಸಲು ಊರೂರು ತಿರುಗುತ್ತಾನೆ, ಒಪೆರಾ ನೋಡಿಕೊಳ್ಳುವುದಿಲ್ಲ ಎಂಬ ದೂರು ಬೆಳೆಯಿತು. 1907ರಲ್ಲಿ ಹೊರಬಿದ್ದ. ಅದೇ ವರ್ಷ ಹಿರಿಮಗಳು ತೀರಿಕೊಂಡಳು, ತನಗೂ ಹೃದಯದ ತೊಂದರೆ ಇದೆ ಎಂದು ಗೊತ್ತಾಯಿತು. ಆಮೇಲೆ ನ್ಯೂಯಾರ್ಕ್: ಮೊದಲು ಮೆಟ್ರೊಪಾಲಿಟನ್ ಒಪೆರಾ, 1909ರಿಂದ ಅಲ್ಲಿನ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ. 1910ರ ಜನವರಿಯಲ್ಲಿ ರಷ್ಯಾದ ರಚನೆಕಾರ, ಪಿಯಾನೋ ವಾದಕ ರಾಖ್ಮನಿನಾಫ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೊ (ಪಿಯಾನೋ ಮುಂದಿದ್ದು ಆರ್ಕೆಸ್ಟ್ರಾ ಜೊತೆಗೂಡುವ ಕೃತಿ) ನುಡಿಸಿದ್ದು ಈತನ ಕೈಕೆಳಗೆ. ಪಕ್ಕವಾದ್ಯದ ಪ್ರತಿಯೊಂದು ಸಣ್ಣ ವಿವರವನ್ನೂ ಬಿಡದೆ, ಹೊತ್ತು ಮೀರಿದರೂ ತಾಲೀಮು ಮಾಡಿಸಿದ್ದನ್ನು ರಾಖ್ಮನಿನಾಫ್ ಮರೆಯಲಿಲ್ಲ.

ಇದೇ ಕಾಲದ ರಿಚರ್ಡ್ ಸ್ಟ್ರಾಸ್ ಕೂಡ ಎರಡೂ ಮಾಡಿದವನೇ. ಆತ ದುಡ್ಡಿನಲ್ಲಿ ಜಾಣ. ರಚನೆಕಾರರ ಹಕ್ಕಿಗಾಗಿ ಸಂಘ ಕಟ್ಟಿದ, 'ಸಲೋಮೆ' ಒಪೆರಾದಿಂದ ಬಂದ ಹಣದಲ್ಲಿ ಮನೆ ಕಟ್ಟಿದ. ಸ್ಟ್ರಾಸ್ ಹೆಸರು ಬಂದಾಗ ಮೈಸೂರನ್ನು ಬಿಡುವ ಹಾಗಿಲ್ಲ. ಆತ ಸತ್ತ ಮರುವರ್ಷ, 1950ರ ಮೇ 22ರಂದು, ಆತನ ಕೊನೆಯ ನಾಲ್ಕು ಹಾಡುಗಳು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿ ಕೇಳಿಬಂದವು. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ. ಅದರ ಖರ್ಚಿಗೆ ಭರವಸೆಯಾಗಿ ನಿಂತವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಅಂದು ಕೋಲು ಹಿಡಿದಿದ್ದ ಫುರ್ಟ್‌ವೆಂಗ್ಲರ್ ಕೂಡ ತಾನು ಮೊದಲು ರಚನೆಕಾರ, ಆಮೇಲೆ ಕಂಡಕ್ಟರ್ ಅಂದುಕೊಂಡಿದ್ದವನೇ. ಲೋಕ ಮಾತ್ರ ಒಪ್ಪಲಿಲ್ಲ. ಆತನ ಸಿಂಫನಿಗಳನ್ನು ಈಗ ನುಡಿಸುವವರು ಅಪರೂಪ. ಹಾಗಾಗಿ ಕಂಡಕ್ಟರ್ ಆದವರೆಲ್ಲ ಮಾಹ್ಲರ್ ಆಗುತ್ತಾರೆ ಎಂದು ನಾನು ಹೇಳುತ್ತಿಲ್ಲ.

ಎಲ್ಲಿಂದ ಕೇಳಬೇಕು? ಮೊದಲ ಸಿಂಫನಿಯಿಂದಲೇ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಆ ಶುರುವಿನ ಸ್ವರ ಫೋನಿನ ಸ್ಪೀಕರ್‌ನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಅದರ ಮೂರನೇ ಭಾಗದಲ್ಲಿ ಮಕ್ಕಳ ಹಾಡೊಂದರ ಧಾಟಿ ಶವಯಾತ್ರೆಯ ನಡೆಯಲ್ಲಿ ಬರುತ್ತದೆ, ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯ ಒಂದೇ ಅದನ್ನು ಎತ್ತಿಕೊಳ್ಳುತ್ತದೆ. ನಿಮಗೆ ಕೂಡಲೇ ಹಿಡಿಸಬಹುದು. ಆಮೇಲೆ ನಾಲ್ಕನೆಯದು, ಅದು ಹಗುರ, ಕೊನೆಗೊಂದು ಹಾಡೂ ಇದೆ. ಆರು ಮತ್ತು ಎಂಟನ್ನು ಸದ್ಯಕ್ಕೆ ಬಿಡಿ. 1910ರಲ್ಲಿ ಮ್ಯೂನಿಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನ ಸೇರಿ ಹಾಡಿ-ನುಡಿಸಿದ ಎಂಟನೆಯದು ಆತನ ಬದುಕಿನ ದೊಡ್ಡ ಗೆಲುವು ನಿಜ, ಮೊದಲ ಪರಿಚಯಕ್ಕೆ ಭಾರವಾಗುತ್ತದೆ.

ಮಾಹ್ಲರ್ ಕಂಡಕ್ಟ್ ಮಾಡಿದ ಧ್ವನಿಮುದ್ರಣ ಒಂದೂ ಇಲ್ಲ. 1905ರಲ್ಲಿ ಆತನ ಪಿಯಾನೋ ನುಡಿಸಾಣಿಕೆಯನ್ನು ಯಂತ್ರದ ಕಾಗದದ ಸುರುಳಿಗಳ ಮೇಲೆ ಹಿಡಿದಿಟ್ಟರು, ಅಷ್ಟೇ. ಹ್ಯಾಂಬರ್ಗ್‌ನಲ್ಲಿ ಆತನ ಕೈಕೆಳಗೆ ಪಳಗಿದ ಬ್ರೂನೊ ವಾಲ್ಟರ್ ಮುದ್ರಣಗಳು ಸಿಗುತ್ತವೆ. ವಿಯೆನ್ನಾದಲ್ಲಿ 1938ರ ಜನವರಿಯಲ್ಲಿ ಮಾಡಿದ ಒಂಬತ್ತನೆಯದು ಹಳೆಯ ಸದ್ದಿನದು, ಗರಗರ ಇದೆ. ಮೊದಲು ವಿಡಿಯೋದಲ್ಲಿ ಯಾವುದಾದರೂ ಹೊಸ ಕಛೇರಿ ನೋಡಿ ಅಭ್ಯಾಸವಾದ ಮೇಲೆ ಅದಕ್ಕೆ ಬನ್ನಿ. ವಿಡಿಯೋ ನೋಡುವಾಗ ಕಂಡಕ್ಟರ್ ಬಲಗೈಯನ್ನು ಮರೆತು ಎಡಗೈಯನ್ನು ಮಾತ್ರ ಹತ್ತು ನಿಮಿಷ ಗಮನಿಸಿ. ಯಾರ ಕಡೆ ಹೋಯಿತು, ಅದಾದ ಮೇಲೆ ಯಾವ ವಾದ್ಯ ಕೇಳಿತು ಅಂತ.